ಮಾತು ಬೇಡ, ಮೆಸೇಜ್ ಮಾಡಿ

ಜುಲೈ 20, 2008. ಗಜೇಂದ್ರಗಡ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಯಾರಲ್ಲಿ ಅಂತ ಗೊತ್ತಿಲ್ಲದಿದ್ದರೂ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಬರೆದಿಟ್ಟದ್ದನ್ನು ಯಾರಾದರೂ ಓದಿಯೇ ಓದುತ್ತಾರೆ ಅಂತ ನನಗೆ ಗೊತ್ತು. ಟ್ರಂಕಿನ ಕೀಲಿಯನ್ನು ಹೇರ್‌ಪಿನ್ನಿನಿಂದ ತೆಗೆಯುವುದನ್ನು ನಾನೂ ಕಲಿತಿದ್ದೇನೆ. ಆದರೂ ಬರೆಯುತ್ತಿದ್ದೇನೆ. ಇಂಥದ್ದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಅಕ್ಕನಿಗೆ. ಈ ಸಲ ಡೌಟ್ ಬಂದಿರುವುದೇ ಅಕ್ಕನ ಮೇಲೆ.

ಇವತ್ತು ನಮ್ಮೂರು ರೋಣಕ್ಕೆ ಹೋಗಿ ಬಂದೆ. ನನ್ನ ಅಕ್ಕ, ಗುಲ್ಷನ, ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಮಾತು ಬರುವ ಮೊದಲೇ ನಾನು ಅವಳ ಕೈ ಓದುವುದನ್ನು ಕಲಿತೆನಂತೆ. ಬಿಲ್ಲು ಮೀಟಿದಂತೆ ಮಾಡಿದರೆ ಅಪ್ಪ, ಯಾಕೆಂದರೆ ನಮ್ಮದು ಅರಳೆ ಹಿಂಜಿ ಗಾದಿ ಹೊಲಿಯುವ ಮನೆ. ಹಣೆಯ ಮೇಲೆ ಸೆರಗು ಎಳೆದಂತೆ ಮಾಡಿದರೆ ಅವ್ವ. ಗಲ್ಲಕ್ಕೆ ಬೆರಳು ಮುಟ್ಟಿಸಿದರೆ ನಾನು, ಅಲ್ಲಿ ನನಗೊಂದು ಮಚ್ಚೆ ಇದೆ. ಓಣಿಯವರಿಗೆ ಅವಳ ಹತ್ತಿರ ಏನಾದರೂ ಹೇಳುವುದಿದ್ದರೆ "ಸೈರಾನ್ನ ಕರೀರಿ" ಅನ್ನುತ್ತಿದ್ದರು.

ಅವಳು ಅಕ್ಷರ ಕಲಿತದ್ದು ಹುಬ್ಬಳ್ಳಿ ಕಡೆಯ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ. ಅಜ್ಜಿ ತೀರಿ ಮನೆಗೆಲಸಕ್ಕೆ ಕೈ ಸಾಲದಾದಾಗ ಬಿಡಿಸಿ ಕರೆತಂದರು. ಈ ಮೇ ತಿಂಗಳಲ್ಲಿ ಅಪ್ಪ ಅವಳಿಗೊಂದು ಚೀನಾ ಸೆಟ್ ಕೊಡಿಸಿದ. ಅಂಗಡಿಯವ ನಕ್ಕ. "ಮದರಸಾಬ, ಕಿವಿ ಕೇಳಲಾರ್ದಾಕಿಗೆ ಮೊಬೈಲ್ ತಗೊಂಡು ಏನ್ ಮಾಡಾಂವ ಮಾರಾಯಾ?"

"ಸಣ್ಣಾಕಿ ಗಜೇಂದ್ರಗಡಕ್ಕ ಓದಾಕ ಹೊಂಟಾಳ. ಇಬ್ರೂ ಮೆಸೇಜ್ ಬರ್ಕೊಂತಾರ. ನಿನಗೇನ್ ಹೋಗೂದೈತಿ?" ಅಂದ ಅಪ್ಪ.

ಅಂದರೆ ಆ ಸೆಟ್ ಬಂದದ್ದು ನನ್ನ ಸಲುವಾಗಿ.

ಇವತ್ತು ನಾನು ಎದುರಿಗೇ ಕೂತಿದ್ದೆ, ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಸೆಟ್ ಅಲುಗಿತು. ತೆಗೆದು ಓದಿದಳು, ನಕ್ಕಳು, ಹೆಬ್ಬೆರಳಿನಿಂದ ಪಟಪಟ ಒತ್ತಿ ಮತ್ತೆ ಸಿಕ್ಕಿಸಿಕೊಂಡಳು. ಯಾರು ಅಂತ ಕೈಯಲ್ಲಿ ಕೇಳಿದೆ. ಮೊಬೈಲ್ ಕಂಪನಿಯವರು ಅಂತ ಕೈಯಾಡಿಸಿದಳು. ಕಂಪನಿಯ ಮೆಸೇಜಿಗೆ ನಗುವವರನ್ನು ನಾನು ನೋಡಿಲ್ಲ. ತಿರುಗಿ ಬರೆಯುವವರನ್ನಂತೂ ನೋಡಿಯೇ ಇಲ್ಲ.

ಆಗಸ್ಟ್ 3

ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ ಸೆಮಿನಾರಿಗೆ ಚೀಟಿ ಎತ್ತಿಸಿದರು ಮೊನ್ನೆ. ನನಗೆ ಬಂದದ್ದು ಮೊಬೈಲಿನ ತಲೆಮಾರುಗಳು, ಒನ್‌ಜಿಯಿಂದ ಥ್ರೀಜಿಯವರೆಗೆ. ಇಂಗ್ಲಿಷಿನಲ್ಲೇ ಮಾತಾಡಬೇಕು. ನನ್ನ ಇಂಗ್ಲಿಷ್ ಅರ್ಧ ದಾರಿಗೆ ನಿಲ್ಲುವ ಬಸ್ಸಿನ ಹಾಗೆ, ಎಲ್ಲಿ ಇಳಿಸುತ್ತದೋ ಹೇಳಲಾಗದು. 

ಲೈಬ್ರರಿಯಲ್ಲಿ ಓದಿದ್ದು: ಒನ್‌ಜಿಯಲ್ಲಿ ದನಿ ಇದ್ದ ಹಾಗೇ ಗಾಳಿಯಲ್ಲಿ ಹೋಗುತ್ತಿತ್ತು. ಸರಿಯಾದ ರೇಡಿಯೋ ಇದ್ದವರು ಯಾರು ಬೇಕಾದರೂ ಕದ್ದು ಕೇಳಬಹುದಿತ್ತು. ಅದು ನಮ್ಮ ಕಡೆಗೆ ಬರಲೇ ಇಲ್ಲ. ನಾವು ಕಂಡದ್ದು ಟೂಜಿ. ಅದರಲ್ಲಿ ದನಿಯನ್ನು ಅಂಕಿ ಮಾಡಿ, ಗುಟ್ಟಿನ ಬೀಗ ಹಾಕಿ ಕಳಿಸುತ್ತಾರೆ, ನಡುವೆ ಹಿಡಿದರೂ ಗರ್ ಅನ್ನುವ ಸದ್ದಷ್ಟೇ. ಮೆಸೇಜ್ ಬಂದದ್ದೂ ಟೂಜಿಯ ಜೊತೆಗೇ. ಆಮೇಲೆ ಜಿಪಿಆರ್‌ಎಸ್, ಎಡ್ಜ್ ಅಂತ ಇಂಟರ್ನೆಟ್ಟಿನ ಸಣ್ಣ ಸಣ್ಣ ಮೆಟ್ಟಿಲು. ಥ್ರೀಜಿ ಇನ್ನೂ ಬರಬೇಕು. ಅದರಲ್ಲಿ ಮುಖ ನೋಡಿಕೊಂಡು ಮಾತಾಡಬಹುದಂತೆ.

ಓದುತ್ತ ಓದುತ್ತ ಅನ್ನಿಸಿತು, ನಮ್ಮಕ್ಕ ಚಿಕ್ಕವಳಿದ್ದಾಗ ಒನ್‌ಜಿ ಇದ್ದಳು. ಕೈಯಾಡಿಸಿದರೆ ನಾನು ಎಲ್ಲಿಂದಲಾದರೂ ಹಿಡಿಯುತ್ತಿದ್ದೆ. ಈಗ ಬೀಗ ಹಾಕಿಕೊಂಡಿದ್ದಾಳೆ.

ಆಗಸ್ಟ್ 16

ನಿನ್ನೆ ಊರಿಗೆ ಹೋಗಿದ್ದೆ. ಅಕ್ಕ ಬಚ್ಚಲಿಗೆ ಹೋದಾಗ ಸೆಟ್ ನೋಡಿದೆ. ತಪ್ಪೇನಿಲ್ಲ, ಅದು ಬಂದದ್ದೇ ನನಗಾಗಿ ಅಂತ ಆಗಲೇ ಬರೆದಿದ್ದೇನೆ.

ಇನ್‌ಬಾಕ್ಸ್ ಖಾಲಿ. ಕಳಿಸಿದ್ದೂ ಖಾಲಿ. ನಾನು ಬುಧವಾರ ಕಳಿಸಿದ್ದು ಕೂಡ ಇಲ್ಲ. ತುಂಬಿದ ಪೆಟ್ಟಿಗೆಗಿಂತ ಖಾಲಿ ಪೆಟ್ಟಿಗೆ ಹೆಚ್ಚು ಹೇಳುತ್ತದೆ.

ನಂಬರುಗಳ ಜಾಗದಲ್ಲಿ ಮನುಷ್ಯರ ಹೆಸರೇ ಇಲ್ಲ, ಬರೀ ಊರುಗಳು. ನರಗುಂದ, ಬೆಳವಣಕಿ, ಮೆಣಸಗಿ, ಗದಗ. ನನ್ನ ನಂಬರನ್ನು 'ಹಾಸ್ಟೆಲ್' ಅಂತ ಇಟ್ಟಿದ್ದಾಳೆ. ಇದೇನು ಗ್ಯಾಂಗೋ, ಬಸ್ಸಿನ ಬೋರ್ಡೋ? ನರಗುಂದದ ನಂಬರನ್ನು ಅಂಗೈಯಲ್ಲಿ ಬರೆದುಕೊಂಡೆ, ಮೊದಲಿಗೆ ಇದ್ದದ್ದು ಅದೇ.

ಅವ್ವನಿಗೆ ಕೇಳಿದೆ. "ದಿನಾ ಸಂಜಿಗೆ ಆಕಿ ನಡುವಿನ್ಯಾಗ ಸೆಟ್ ಗುರ್ ಅಂತೈತಿ. ಒಲಿ ಮುಂದಿನ ರೊಟ್ಟಿ ಬಿಟ್ಟು ಓಡ್ತಾಳ. ನನಗೇನ್ ತಿಳೀತೈತಿ ಬೇ? ನೀ ಓದಿದಾಕಿ, ನೀನ ನೋಡು," ಅಂದಳು.

ಆಗಸ್ಟ್ 21

ಆ ನಂಬರಿಗೆ ಫೋನ್ ಮಾಡಿದೆ. ಹಾಸ್ಟೆಲ್ ರೂಮಿನ ಗೆಳತಿ ರಾಜಮಾ ಪಕ್ಕದಲ್ಲೇ ಕಿವಿ ಹಚ್ಚಿ ಕೂತಿದ್ದಳು. ರಿಂಗ್ ಆಯಿತು, ಕಟ್ ಮಾಡಿದರು. ಮತ್ತೆ ಮಾಡಿದೆ, ಮತ್ತೆ ಕಟ್. ಮೂರನೇ ಸಲ ಎತ್ತುವ ಬದಲು ನನಗೇ ಒಂದು ಮೆಸೇಜ್ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಯಾರು. ಮಾತು ಬೇಡ. ಮೆಸೇಜ್ ಮಾಡಿ."

ನಾನು ರಾಜಮಾಳ ಮುಖ ನೋಡಿದೆ. ರಾಜಮಾ ನನ್ನ ಮುಖ ನೋಡಿದಳು.

"ಗಂಡಸ ಅದಾನ," ಅಂದಳು. "ದನಿ ಕೇಳಿಸಿದ್ರ ಗುರ್ತ ಸಿಗತೈತಂತ ಬಾಯಿ ಬಿಡವೊಲ್ಲ. ನಮ್ಮ ಓಣ್ಯಾಗೂ ಒಬ್ಬಾಂವ ಹಿಂಗ ಮಾಡಿ, ಕಡೀಕ ನೋಡಿದ್ರ ಎರಡ್ ಮಕ್ಕಳ ತಂದಿ."

"ಅಕ್ಕಗ ಗುರ್ತ ಹತ್ತೂದಿಲ್ಲಲ್ಲ, ಆಕಿಗೆ ದನಿನ ಕೇಳಂಗಿಲ್ಲ."

"ಅದಕ್ಕ ಆಕೀನ್ನ ಹಿಡದಾನ. ಎಷ್ಟ್ ಶಾಣ್ಯಾ ಇರಬೇಕು."

ಅದು ಸರಿಯೇ. ಮಾತಾಡಲು ಹೆದರುವವನಿಗೆ ಮಾತು ಕೇಳದವಳಿಗಿಂತ ಅನುಕೂಲ ಯಾರು? ಹೆಸರು ಬರೆದು ಕಳಿಸಲಿಲ್ಲ. ನನ್ನ ಹೆಸರು ಅವನ ಕೈಗೆ ಯಾಕೆ ಸಿಗಬೇಕು?

ಸೆಪ್ಟೆಂಬರ್ 9

ರೋಜಾ ಉಪವಾಸ. ತಲೆನೋವು. ಅಕ್ಕನಿಗೆ ಮೂರು ಮೆಸೇಜ್ ಹಾಕಿದೆ. ಒಂದಕ್ಕೆ ಉತ್ತರ ಬಂತು: "ಆರಾಮ." ಮೊದಲು ಇದೇ ಅಕ್ಕ ನೆರೆಮನೆಯ ಮೇಕೆ ಮರಿ ಹಾಕಿದ್ದನ್ನೂ ಬರೆಯುತ್ತಿದ್ದಳು.

ಅಕ್ಟೋಬರ್ 3. ರೋಣ

ಹಬ್ಬ ಮುಗಿಯಿತು. ಹೇಳಿಯೂ ಬಿಟ್ಟೆ.

ನಿನ್ನೆ ಬೆಳಿಗ್ಗೆ ಶಾವಿಗೆಯ ಸುರಕುಂಬಾ ಕುದಿಯುತ್ತಿರುವಾಗ ಅಕ್ಕ ಅವ್ವನ ಮುಂದೆ ಕೂತು, ಕಾಲಿನಿಂದ ಮಷಿನ್ ತುಳಿದಂತೆ ಮಾಡಿ, ನರಗುಂದದ ರಸ್ತೆಯ ಕಡೆ ಕೈ ತೋರಿಸಿದಳು. ಅಲ್ಲಿ ಹೊಲಿಗೆ ಕೆಲಸ ಇದೆ, ಕರೆಯುತ್ತಿದ್ದಾರೆ, ಹೋಗುತ್ತೇನೆ ಅಂತ. ಅವ್ವ ನನ್ನತ್ತ ನೋಡಿದಳು, ಅರ್ಥ ಹೇಳಲಿ ಅಂತ. ನಾನು ಅರ್ಥ ಹೇಳಿದೆ. ಮಧ್ಯಾಹ್ನ ಅಪ್ಪನಿಗೆ ಉಳಿದದ್ದನ್ನೂ ಹೇಳಿದೆ.

"ಅಪ್ಪಾ, ಅಕ್ಕಗ ಯಾರೋ ನರಗುಂದದಿಂದ ದಿನಾ ಮೆಸೇಜ್ ಹಾಕ್ತಾರ. ಫೋನ್ ಮಾಡಿದ್ರ ಎತ್ತಂಗಿಲ್ಲ. ಗಂಡಸ ಇರಬೇಕು. ಕೆಲಸ ಗಿಲಸ ಎಲ್ಲಾ ಅಂವಂದ ಆಟ."

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. "ನೀ ನೋಡೀಯೇನ?"

"ನೋಡಿಲ್ಲ. ಖರೇ ಅನಸ್ತೈತಿ."

"ಓದಿದಾಕಿ ನೀ. ನಿನಗ ಅನಿಸೈತಿ ಅಂದ್ರ ಏನರ ಇರಬೇಕು."

ಅಪ್ಪ ಬೈಯಲಿಲ್ಲ. ಅಕ್ಕನ ಎದುರಿಗೆ ಕೂತು, ಕೈ ಚಾಚಿ ಸೆಟ್ ಇಸಿದುಕೊಂಡು, ಹಿಂದಿನ ಮುಚ್ಚಳ ತೆಗೆದು ಸಿಮ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಸೆಟ್ಟನ್ನು ತಿರುಗಿ ಅವಳಿಗೇ ಕೊಟ್ಟ. "ಆಟಕ್ಕಿರ್ಲಿ, ಪಾಪ," ಅಂದ.

ನಮ್ಮ ಮನೆಗೆ ಮೊದಲು ಬಂದ ಫೋನು ತಂತಿಯಿಲ್ಲದ ಡಬ್ಲ್ಯುಎಲ್‌ಎಲ್ ಪೆಟ್ಟಿಗೆ, ಕಿಟಕಿಯಲ್ಲಿ ಏರಿಯಲ್ ಕಡ್ಡಿ ಎತ್ತಿಕೊಂಡು ಕೂತಿರುತ್ತಿತ್ತು. ಅದಕ್ಕೆ ಬಿಚ್ಚಿ ತೆಗೆಯುವ ಸಿಮ್ಮೇ ಇರಲಿಲ್ಲ. ಅದು ಬಡಿದುಕೊಳ್ಳುವಾಗ ಅಕ್ಕ ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳು, ನಾವು ಎತ್ತುವವರೆಗೆ. ಅದು ಈಗ ಯಾಕೆ ನೆನಪಾಯಿತೋ ತಿಳಿಯದು.

ಸಿಮ್ ತೆಗೆದಾಗ ಅಕ್ಕ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಹೇಳಿದ್ದು ನಾನೇ ಅಂತ ಹೇಗೆ ತಿಳಿಯಿತು ಅನ್ನುವುದೂ ಒಂದು ಡೌಟ್.

ಅಕ್ಟೋಬರ್ 6. ಗಜೇಂದ್ರಗಡ

ಸಿಮ್ಮನ್ನು ನನ್ನ ಸೆಟ್ಟಿಗೆ ಹಾಕಿದೆ. ಕಳ್ಳನನ್ನು ಹಿಡಿಯಬೇಕಾದರೆ ಅವನ ಬಾಗಿಲಲ್ಲೇ ನಿಲ್ಲಬೇಕು.

ಸೆಟ್ ಅಲುಗಾಡಲು ಶುರುವಾದದ್ದು ನಿಲ್ಲಲೇ ಇಲ್ಲ. "ಹಬ್ಬ ಚಲೋ ಆತಾ." "ಗುಲ್ಷನ ಎಲ್ಲಿ." "ಯಾಕ ಸುಮ್ಮನ." "ನಂದು ಆಕಳು ಕರು." ಕೊನೆಯದು ಮೆಣಸಗಿಯಿಂದ. ಆಕಳ ಕರುವಿನಲ್ಲಿ ಏನು ಸಂಚು ಇದೆಯೋ ಯೋಚಿಸಿ ಸುಸ್ತಾದೆ. ಅಷ್ಟರಲ್ಲಿ ಸೆಟ್ ಹೇಳಿತು, ಜಾಗ ಇಲ್ಲ, ಹಳೆಯದನ್ನು ಅಳಿಸು ಅಂತ. ಸಿಮ್ಮಿನಲ್ಲಿ ಹಿಡಿಯುವುದೇ ಹತ್ತಿಪ್ಪತ್ತು. ಅಳಿಸಿದ ಮೇಲೆಯೇ ಮುಂದಿನದು ಬಂತು. ಇನ್‌ಬಾಕ್ಸ್ ಯಾಕೆ ಖಾಲಿ ಇರುತ್ತಿತ್ತು ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇದೊಂದೇ ಅಂತ ಹೇಳಲಾಗುವುದಿಲ್ಲ.

ನರಗುಂದಕ್ಕೆ ಬರೆದೆ: "ನಾನೇ ಗುಲ್ಷನ. ಆರಾಮ. ನೀವು ಯಾರು?"

ಉತ್ತರ ಕೂಡಲೇ ಬಂತು. "ನೀ ಗುಲ್ಷನ ಅಲ್ಲ. ಗುಲ್ಷನ ನನಗೆ 'ಯಾರು' ಕೇಳೋದಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ನೀ ಸೈರಾ. ಗಲ್ಲ ಮಚ್ಚೆ. ಹೌದಾ?"

ನನ್ನನ್ನು ಕಾಣದ ಗಂಡಸಿಗೆ ನನ್ನ ಗಲ್ಲದ ಮಚ್ಚೆ ಗೊತ್ತು. ರಾಜಮಾ, "ಪೊಲೀಸರಿಗೆ ಹೇಳೋಣೇನ?" ಅಂದಳು. ಬೇಡ, ಮೊದಲು ನಾನೇ ನೋಡುತ್ತೇನೆ. ಹೆಸರೂ ಜಾಗವೂ ಬೇಕು ಅಂತ ಬರೆದೆ. ಹೆದರಿ ಕೊಡಲಾರ ಅಂದುಕೊಂಡಿದ್ದೆ. ಕೊಟ್ಟ: ಅನ್ನಪೂರ್ಣಾ ಟೇಲರ್ಸ್, ಬಸ್‌ಸ್ಟ್ಯಾಂಡ್ ಹಿಂದೆ.

ಹೆಂಗಸರ ಹೆಸರಿನ ಬೋರ್ಡಿನ ಹಿಂದೆ ಗಂಡಸು ಕೂತಿರುವುದೇನು ಹೊಸದಲ್ಲ.

ಅಕ್ಟೋಬರ್ 12

ನರಗುಂದಕ್ಕೆ ಹೋಗಿ ಬಂದೆ. ಬರೆಯಲು ಮನಸ್ಸಿಲ್ಲ, ಆದರೆ ಬರೆಯುತ್ತೇನೆ.

ದೀಪಾವಳಿಯ ಕೆಲಸ ಅಂತ ಭಾನುವಾರವೂ ಅಂಗಡಿ ತೆರೆದಿತ್ತು. ಜಿನಾ ಮೆಟ್ಟಿಲ ಕೆಳಗಿನ ಉದ್ದನೆಯ ಖೋಲಿ, ಮೂರು ಮಷಿನ್, ಇಬ್ಬರು ಹೆಂಗಸರು ಒಬ್ಬ ಗಂಡಸು. ಗಂಡಸನ್ನು ನೋಡಿದ ಕೂಡಲೇ ಸಿಕ್ಕ ಅಂದುಕೊಂಡೆ. ಬಾಗಿಲಲ್ಲೇ ನಿಂತು ಜೋರಾಗಿ, "ಅನ್ನಪೂರ್ಣಾ ಯಾರ್ರಿ ಇಲ್ಲೆ?" ಅಂದೆ. ಒಬ್ಬರೂ ತಲೆ ಎತ್ತಲಿಲ್ಲ. ಇನ್ನೂ ಜೋರಾಗಿ ಅಂದೆ. ಇಷ್ಟು ಸೊಕ್ಕೇ ಅನ್ನಿಸಿತು.

ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ ಮುದುಕಿ ಒಬ್ಬಳೇ ನನ್ನ ಕಡೆ ನೋಡಿದಳು. "ಯವ್ವಾ, ಯಾಕ ಗಂಟ್ಲ ಹರ್ಕೊಂತಿ? ಅಲ್ಲೆ ಬಟನ್ ಐತಿ ನೋಡು, ಲೈಟ್ ಹಚ್ಚಿ ಆರಿಸು."

"ಯಾಕ್ರಿ?"

"ಇಲ್ಲಿ ಯಾರಿಗೂ ಕೇಳಂಗಿಲ್ಲ. ನನ್ನ ಮಗಳಿಗಿಲ್ಲ, ಅಳಿಯಗಿಲ್ಲ, ಆ ಹುಡಿಗಿಗೂ ಇಲ್ಲ. ನನಗೊಬ್ಬಾಕಿಗೆ ಕೇಳ್ತಿತ್ತು, ಈಗ ವಯಸ್ಸಾಗಿ ಅದೂ ಅರ್ಧಕ್ಕ ಬಂದೈತಿ."

ನಾನು ಬಟನ್ ಒತ್ತಿದೆ. ಬೆಳಕು ಹೋಗಿ ಬಂತು. ಮೂವರೂ ಒಟ್ಟಿಗೆ ತಲೆ ಎತ್ತಿದರು. ನಡುವಿನ ಮಷಿನ್ನಿನಲ್ಲಿದ್ದ ಹೆಂಗಸು ನನ್ನನ್ನು ನೋಡಿ, ತನ್ನ ಗಲ್ಲಕ್ಕೆ ಬೆರಳು ಮುಟ್ಟಿಸಿದಳು. ಉಳಿದಿಬ್ಬರೂ ನಕ್ಕು ತಮ್ಮ ತಮ್ಮ ಗಲ್ಲ ಮುಟ್ಟಿಕೊಂಡರು.

ಅದು ನನ್ನ ಹೆಸರು. ನಮ್ಮಿಬ್ಬರ ನಡುವಿನದು, ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ್ದು ಅಂದುಕೊಂಡದ್ದು. ಮೆಣಸಗಿಯ ಆಕಳಿನವಳಿಗೂ ಗೊತ್ತಿದೆಯೋ ಏನೋ.

ಆಮೇಲೆ ಆ ನಡುವಿನ ಮಷಿನ್ನಿನವಳು, ಅವಳೇ ಅನ್ನಪೂರ್ಣಾ, ಕೈಯಲ್ಲಿ ಮಾತಾಡಿದಳು. ನನಗೆ ಒಂದೂ ತಿಳಿಯಲಿಲ್ಲ. ಅವರ ಕೈಮಾತು ಶಾಲೆಯದು, ವೇಗವಾದದ್ದು, ಬೆರಳೆಲ್ಲ ದುಡಿಯುವಂಥದ್ದು. ಅಕ್ಕನಿಗೆ ಅದು ಬರುತ್ತದೆ. ನನ್ನ ಮುಂದೆ ಯಾವತ್ತೂ ಆಡಿಲ್ಲ, ನನಗೆ ಬರುವುದಿಲ್ಲ ಅಂತ. ಕಡೆಗೆ ನಾವಿಬ್ಬರೂ ಎದುರಾಬದುರು ಸ್ಟೂಲಿನ ಮೇಲೆ ಕೂತು ಒಬ್ಬರಿಗೊಬ್ಬರು ಮೆಸೇಜ್ ಹಾಕಿಕೊಂಡೆವು. ಅವಳ ಅವ್ವ ಗಾಳೆವ್ವ ಗುಂಡಿ ಬಿಟ್ಟು ನೋಡುತ್ತಿದ್ದಳು. "ಮಾರಿ ಮಾರಿ ನೋಡ್ಕೊಂತ ಕುಂತೂ ಕಂಪನಿಗೆ ರೊಕ್ಕ ಕೊಡ್ತಾರ, ನೋಡ್ರಿ ಇವ್ರ ಶಾಣ್ಯಾತನ," ಅಂದಳು.

ಅನ್ನಪೂರ್ಣಾ ಅಕ್ಕನ ಜೊತೆ ಅದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳಂತೆ. ಶಾಲೆ ಬಿಟ್ಟ ಮೇಲೆ ಒಬ್ಬರಿಗೊಬ್ಬರು ಇದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಮನೆಗಳಲ್ಲಿ ಫೋನಿದ್ದರೂ ಇವರಿಗೆ ಅದು ಬರೀ ಡಬ್ಬಿ. ಮೆಸೇಜ್ ಬಂದ ಮೇಲೆ ಒಬ್ಬರಿಂದ ಒಬ್ಬರ ನಂಬರು ಸಿಗುತ್ತ ಊರೂರಿನವರು ಕೂಡಿದ್ದಾರೆ. ಯೂನಿಫಾರ್ಮಿನ ಕೆಲಸ ಹೆಚ್ಚಾಗಿದೆ, ಗುಲ್ಷನ ಬಂದರೆ ನಾಲ್ಕನೇ ಮಷಿನ್ ತರುತ್ತೇವೆ ಅಂದಳು.

"ಗುಲ್ಷನ ಎಲ್ಲಿ? ಯಾಕ ಸುಮ್ಮನ?" ಅಂತ ಒತ್ತಿದಳು.

"ಸಿಮ್ ನನ್ನ ಹತ್ತಿರ ಇದೆ," ಅಂತ ಒತ್ತಿದೆ.

ಅದನ್ನು ಓದಿ ನನ್ನ ಕೈಯಲ್ಲಿದ್ದ ಸೆಟ್ಟನ್ನು ನೋಡಿದಳು. ಆಮೇಲೆ ಕೇಳಿದ್ದು ಬೇರೆಯೇ. "ನೀ ಮೊಬೈಲ್ ಪಾಠ ಓದೋದು ಗುಲ್ಷನ ಹೇಳಿದಳು. ಥ್ರೀಜಿ ಯಾವಾಗ? ಕೈ ಕಾಣೋದು ಯಾವಾಗ?"

ನನಗೆ ಗೊತ್ತಿಲ್ಲ ಅಂತ ಒತ್ತಿದೆ.

ಆದರೂ ಒಂದು ಮಾತು. ಕಿವುಡರೆಲ್ಲ ಒಳ್ಳೆಯವರು ಅಂತ ಎಲ್ಲಿ ಬರೆದಿದೆ? ದುಡಿಸಿಕೊಂಡು ಕೂಲಿ ಕೊಡದಿದ್ದರೆ? ಅಕ್ಕನಿಗೆ ಕೇಳಲು ಬಾಯಿಲ್ಲ. ಪೂರ್ತಿ ಖಾತ್ರಿ ಆಗುವವರೆಗೆ ಸಿಮ್ ನನ್ನಲ್ಲೇ ಇರಲಿ.

ಅಕ್ಟೋಬರ್ 15

ಸೆಮಿನಾರ್ ಮುಗಿಯಿತು. ಥ್ರೀಜಿಯ ಉಪಯೋಗ ಏನು ಅಂತ ಕೇಳಿದರು. ವಿಡಿಯೋ ಕಾಲ್ ಅಂದೆ. ಹಿಂದಿನ ಬೆಂಚಿನಿಂದ ಯಾರೋ, "ಮಾರಿ ನೋಡ್ಕೊಂತ ಮಾತಾಡಾಕ ಕನ್ಯಾ ನೋಡೂದೈತೇನ?" ಅಂದ. ಎಲ್ಲರೂ ನಕ್ಕರು. ಇಂಗ್ಲಿಷ್ ಅಲ್ಲೇ ನಿಂತುಹೋಯಿತು, ಕನ್ನಡದಲ್ಲಿ ಹೇಳಿದೆ: "ಕೈಯ್ಯಾಗ ಮಾತಾಡೋ ಮಂದಿಗೆ ಬೇಕಾಗ್ತೈತ್ರಿ." ಸರ್, ಅದು ಪುಸ್ತಕದಲ್ಲಿಲ್ಲವಲ್ಲ ಅಂದರು. ಇಲ್ಲ ಸರ್ ಅಂದೆ. ಕೂತೆ.

ಅಕ್ಟೋಬರ್ 27. ರೋಣ

ದೀಪಾವಳಿ ಸೂಟಿ. ಅಕ್ಕ ಕೌದಿಯಿಂದ ತಲೆ ಎತ್ತಲಿಲ್ಲ. ಎದುರಿಗೆ ಕೂತು, ನರಗುಂದಕ್ಕೆ ಹೋಗಿದ್ದೆ ಅಂತ ಕೈಯಲ್ಲಿ ಹೇಳಲು ಶುರು ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಬೇರೆ ಯಾರಾದರೂ ಕಿವಿ ಮುಚ್ಚಿಕೊಂಡರೆ ಕೈ ಹಿಡಿದು ಎಳೆಯಬಹುದು, ಕೂಗಬಹುದು. ಕಣ್ಣು ಮುಚ್ಚಿದ ನನ್ನ ಅಕ್ಕನಿಗೆ ಏನನ್ನೂ ಹೇಳಲಾಗುವುದಿಲ್ಲ. ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ಅಕ್ಕನ ಸೊಂಟದಲ್ಲಿ ಸೆಟ್ ಅಲುಗಿತು. ಸಿಮ್ ನನ್ನ ಪರ್ಸಿನಲ್ಲಿದೆ, ಹಾಗಾದರೆ ಇನ್ನೊಂದು ಸಿಮ್ ಎಲ್ಲಿಂದ ಬಂತು? ಯಾರು ತಂದುಕೊಟ್ಟರು? ಅನ್ನಪೂರ್ಣಾ ಇಷ್ಟು ದೂರ ಕೈ ಚಾಚಿದಳೇ? ಎದ್ದು ಹೋಗಿ ಕಸಿದುಕೊಂಡೆ. ಅವಳು ಬಿಟ್ಟುಕೊಟ್ಟಳು.

ಮುಚ್ಚಳ ತೆಗೆದೆ. ಬ್ಯಾಟರಿಯ ಪಕ್ಕದ ಸಿಮ್ಮಿನ ಜಾಗ ಖಾಲಿ. ಸ್ಕ್ರೀನಿನ ಮೇಲೆ ಗಂಟೆಯ ಚಿತ್ರ ಕುಣಿಯುತ್ತಿತ್ತು. ಅಲಾರಂ. ಸಂಜೆ ಆರಕ್ಕೆ, ದಿನಾ, ಸದ್ದಿಲ್ಲದೆ ಬರೀ ಅಲುಗುವ ಹಾಗೆ ಇಟ್ಟುಕೊಂಡಿದ್ದಾಳೆ. ಅನ್ನಪೂರ್ಣಾಳ ಮೆಸೇಜ್ ಬರುತ್ತಿದ್ದ ಹೊತ್ತು.

ಸೆಟ್ ನನ್ನ ಕೈಯಲ್ಲೇ ಇನ್ನಷ್ಟು ಹೊತ್ತು ಅಲುಗಿತು. ಆಮೇಲೆ ತಾನಾಗಿಯೇ ನಿಂತಿತು.

ಪರ್ಸಿನಿಂದ ಸಿಮ್ ತೆಗೆದು ಹಾಕಿ, ಸೆಟ್ಟನ್ನು ಕೌದಿಯ ಮೇಲೆ ಇಟ್ಟೆ. ಅಪ್ಪ ನೋಡುತ್ತಿದ್ದ. "ಏನಾತ ಬೇ? ಗಂಡಸ ಅಲ್ಲೇನ?"

"ಗೆಳತಿ ಅಪ್ಪಾ. ಸಾಲಿ ಗೆಳತಿ. ಆಕಿಗೂ ಕೇಳಂಗಿಲ್ಲ. ಅಂಗಡಿ ಇಟ್ಟಾಳ, ನಾ ಕಣ್ಣಾರೆ ನೋಡೀನಿ."

"ಹೌದಾ? ಮತ್ತ ಅವತ್ತ ಹಂಗ ಅಂದಿ?"

ನಾನು ಸೆಟ್ಟನ್ನು ಅಕ್ಕನ ಕಡೆಗೆ ಇನ್ನಷ್ಟು ಸರಿಸಿದೆ. ಅಪ್ಪ ಅರಳೆಯ ಧೂಳನ್ನು ಟವೆಲಿನಿಂದ ಜಾಡಿಸುತ್ತ, "ಹಂಗಾರ ಆಕೀನ್ನ ನರಗುಂದಕ್ಕ ನಾನ ಬಿಟ್ಟು ಬರ್ತೀನಿ. ಅಂಗಡೀನೂ ನೋಡಿದಂಗಾತು," ಅಂದ.

ನವೆಂಬರ್ 9. ಗಜೇಂದ್ರಗಡ

ಅಕ್ಕ ನರಗುಂದಕ್ಕೆ ಹೋಗಿ ಒಂದು ವಾರದ ಮೇಲಾಯಿತು. ಗಾಳೆವ್ವನ ಮನೆಯಲ್ಲೇ ಇದ್ದಾಳಂತೆ. ಅಪ್ಪ ಫೋನಿನಲ್ಲಿ ಹೇಳಿದ, "ನಾಕನೇ ಮಷಿನ್ ಬಂದೈತಿ. ಎಲ್ಲಾರೂ ಕೈ ತಿರುವಿಕೊಂತ ನಗ್ತಾರ, ನನಗೊಂದೂ ತಿಳೀಲಿಲ್ಲ. ಇಷ್ಟ್ ಮಾತಾಡೂ ಹುಡಿಗಿ ಅಂತ ನನಗ ಗೊತ್ತ ಇದ್ದಿದ್ದಿಲ್ಲ ನೋಡು."

ನನಗೆ ಅವಳಿಂದ ಒಂದು ಮೆಸೇಜೂ ಇಲ್ಲ. ಸಿಮ್ ಸರಿಯಾಗಿ ಕೂತಿಲ್ಲವೋ, ಕರೆನ್ಸಿ ಮುಗಿದಿದೆಯೋ, ಅಲ್ಲಿ ಟವರ್ ಹಿಡಿಯುವುದಿಲ್ಲವೋ. ಅನ್ನಪೂರ್ಣಾ ಬೇಡ ಅಂದಿರಲೂಬಹುದು. ಒಂದೊಂದನ್ನೇ ಯೋಚಿಸಿ ನೋಡಿದೆ. ನಿನ್ನೆ ಖಾಲಿ ಮೆಸೇಜ್ ಕಳಿಸಿ ಪರೀಕ್ಷೆ ಮಾಡಿದೆ, ಮುಟ್ಟಿದೆ ಅಂತ ರಿಪೋರ್ಟ್ ಬಂತು. ಅಂದರೆ ಅವಳ ಸೊಂಟದಲ್ಲಿ ಅದು ಅಲುಗಿದೆ, ಅವಳು ತೆಗೆದು ನೋಡಿದ್ದಾಳೆ. 'ಹಾಸ್ಟೆಲ್' ಅಂತ ಕಂಡಿರುತ್ತದೆ.

ಹೇಳುವುದು ಬಹಳ ಇತ್ತು. ಒತ್ತುತ್ತ ಹೋದೆ, ಉಳಿದ ಅಕ್ಷರ ತೋರಿಸುವ ಮೂಲೆಯ ಅಂಕಿ ಇಳಿಯುತ್ತ ಬಂದು ಎರಡನೇ ಮೆಸೇಜಿಗೆ ದಾಟಿತು. ಎಲ್ಲ ಅಳಿಸಿ ಒಂದರಲ್ಲೇ ಹಿಡಿಯುವಷ್ಟು ಉಳಿಸಿಕೊಂಡೆ. ಸಂಜೆ ಆರಕ್ಕೆ ಕಳಿಸುತ್ತೇನೆ. ಮರೆಯಬಾರದು ಅಂತ ಇಲ್ಲಿ ಬರೆದಿಡುತ್ತಿದ್ದೇನೆ:

"ಅಕ್ಕಾ, ನಾ ಸೈರಾ. ಕಂಪನಿ ಅಲ್ಲ. ನಿಮ್ಮ ಕೈಮಾತು ನನಗ ಬರಂಗಿಲ್ಲ. ಸೂಟಿಗೆ ನರಗುಂದಕ್ಕ ಬಂದ್ರ ಕಲಿಸ್ತೀ? ಲಗೂ ರಿಪ್ಲೈ ಮಾಡು."